ಮನಶ್ಶಾಸ್ತ್ರ ಓದುವ ಮಕ್ಕಳು ಮೇಷ್ಟ್ರನ್ನು ಕೇಳಬೇಕಾದದ್ದು



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಿಂದ ಡಿಗ್ರಿ ಓದಲು ಹೊರಡುವ, ಅದರಲ್ಲೂ ಮನಶ್ಶಾಸ್ತ್ರವನ್ನು ಇಷ್ಟಪಟ್ಟು ಆರಿಸಿಕೊಳ್ಳುವ ಹುಡುಗ ಹುಡುಗಿಯರಿಗಾಗಿ ಇವತ್ತಿನ ನನ್ನ ಮಾತು. ಅವರ ಅಪ್ಪ ಅಮ್ಮಂದಿರೂ ಅವರಿಗೆ ಪಾಠ ಹೇಳುವ ಮೇಷ್ಟ್ರುಗಳೂ ಪಕ್ಕದಲ್ಲಿ ಕೂತು ಕೇಳಿದರೆ ನನಗೆ ಇನ್ನೂ ಸಂತೋಷ. ನಾನು ಹೇಳಹೊರಟಿರುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕೇಳುವವರೂ ಬೇಕು, ಹೇಳುವವರೂ ಬೇಕು.

ಬಾನುಲಿಗೂ ಮನಶ್ಶಾಸ್ತ್ರಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಕಲ್ಕತ್ತದ ನಂತರ ದೇಶದಲ್ಲಿ ಅದು ಎರಡನೆಯದು ಎಂದು ಗುರುತಿಸುತ್ತಾರೆ. ಆಗ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. ವಿಭಾಗವನ್ನು ಕಟ್ಟಿ ಬೆಳೆಸಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ. ಇದೇ ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೋ ಕೇಂದ್ರವನ್ನು ಶುರುಮಾಡಿದರು. ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಮುಂದೆ ಆ ಹೆಸರೇ ಇಡೀ ದೇಶದ ಬಾನುಲಿಗೆ ಸಂದಿತು. ಮನಶ್ಶಾಸ್ತ್ರದ ಮೇಷ್ಟ್ರೊಬ್ಬರು ತಮ್ಮ ತರಗತಿಯ ಹೊರಗಿನ ಜನಕ್ಕೂ ತಿಳಿವಳಿಕೆ ತಲುಪಲಿ ಎಂದು ಕೈಯಿಂದ ಖರ್ಚು ಮಾಡಿ ಕಟ್ಟಿದ ಸಂಸ್ಥೆಯ ಹೆಸರು ಅದು. ಅದೇ ಮಾಧ್ಯಮದಲ್ಲಿ ಕೂತು ಅದೇ ವಿಷಯದ ವಿದ್ಯಾರ್ಥಿಗಳ ಜೊತೆ ಮಾತಾಡುವುದು ನನ್ನ ಭಾಗ್ಯ.

ಆ ವಿಭಾಗ ನಡೆಯುವ ಮೈಸೂರು ಮಂಡ್ಯದಿಂದ ಸುಮಾರು 45 ಕಿಲೋಮೀಟರ್. ಮಂಡ್ಯ, ಮದ್ದೂರಿನವರಿಗೆ ರೈಲಿದೆ. ಮಳವಳ್ಳಿಯವರಿಗೆ ಬಸ್ಸೇ ಗತಿ. ವಿಭಾಗಕ್ಕೆ ನೂರು ವರ್ಷ ತುಂಬಿದೆ. ಆದರೂ ಇವತ್ತು ನಮ್ಮ ಹಳ್ಳಿಯ ಹುಡುಗಿಯೊಬ್ಬಳು ಮನಶ್ಶಾಸ್ತ್ರ ತೆಗೆದುಕೊಂಡೆ ಎಂದರೆ, ಅದನ್ನು ಓದಿ ಏನಾಗ್ತೀಯವ್ವ ಎಂದು ಕೇಳುವವರೇ ಎಲ್ಲ. ಉತ್ತರ ಹೇಳುವವರು ಮನೆಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ. ಇಂಜಿನಿಯರಿಂಗ್ ಓದಿದವರು, ನರ್ಸಿಂಗ್ ಓದಿದವರು, ಬಿ.ಎಡ್. ಮಾಡಿದವರು ಪ್ರತಿ ಊರಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅವರನ್ನು ಕೇಳಿಕೊಂಡು ಮಕ್ಕಳು ಮುಂದೆ ಹೋಗುತ್ತಾರೆ. ಮನಶ್ಶಾಸ್ತ್ರಕ್ಕೆ ಅಂಥ ಅಕ್ಕ ಅಣ್ಣಂದಿರು ಇಲ್ಲ. ಹಾಗಾಗಿ ಕಾಲೇಜಿನ ಮೇಷ್ಟ್ರ ಸಲಹೆಯೇ ಈ ಮಕ್ಕಳಿಗೆ ಮೊದಲ ಆಧಾರ, ಬಹಳ ಸಲ ಒಂದೇ ಆಧಾರ. ಆ ಸಲಹೆಯನ್ನು ಬೇಗ ಕೇಳಬೇಕು, ಸಿದ್ಧವಾಗಿ ಹೋಗಿ ಕೇಳಬೇಕು, ಮತ್ತೆ ಮತ್ತೆ ಕೇಳಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಯಾಕೆ, ಹೇಗೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮಕ್ಕಳು ಈ ವಿಷಯಕ್ಕೆ ಯಾಕೆ ಬರುತ್ತಾರೆ ಎಂದು ಮೊದಲು ನೋಡೋಣ. ಪತ್ರಿಕೆಯಲ್ಲಿ ಮನೋವೈದ್ಯರ ಅಂಕಣ ಓದಿ ಬಂದವರಿದ್ದಾರೆ. ಸಿನಿಮಾ ನೋಡಿ ಬಂದವರಿದ್ದಾರೆ. ಮನೆಯಲ್ಲಿ ಕುಡಿತ, ಸಾಲ, ಯಾರದೋ ಖಿನ್ನತೆ ಕಂಡು, ಇದಕ್ಕೆ ಏನಾದರೂ ಮಾಡಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡು ಬಂದವರಿದ್ದಾರೆ. ಇವೆಲ್ಲ ಒಳ್ಳೆಯ ಕಾರಣಗಳೇ. ಆದರೆ ತರಗತಿಗೆ ಬಂದು ಕೂತ ಮೇಲೆ ಸಿಗುವ ಪಾಠ ಬೇರೆ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದದ್ದರಿಂದ ಪಾಠ ಶುರುವಾಗುತ್ತದೆ. ಕಣ್ಣಿಗೆ ಮೋಸ ಮಾಡುವ ಮುಲ್ಲರ್ ಲೈಯರ್ ಗೆರೆಗಳನ್ನು ಅಳೆಯಬೇಕು, ನೆನಪಿನ ವ್ಯಾಪ್ತಿಯ ಪ್ರಯೋಗ ಮಾಡಬೇಕು, ರೆಕಾರ್ಡ್ ಬರೆಯಬೇಕು, ಸರಾಸರಿ, ವಿಚಲನೆ, ಸಹಸಂಬಂಧ ಎಂದು ಲೆಕ್ಕ ಹಾಕಬೇಕು. ಗಣಿತ ಬೇಡವೆಂದೇ ಕಲಾ ವಿಭಾಗಕ್ಕೆ ಬಂದ ಹುಡುಗ ಇಲ್ಲಿ ಸಂಖ್ಯಾಶಾಸ್ತ್ರ ಕಂಡು ಬೆಚ್ಚುತ್ತಾನೆ. ಆ ದಿನವೇ ಅವನು ಮೇಷ್ಟ್ರ ಬಳಿ ಹೋಗಬೇಕು. ಇದು ಯಾಕೆ ಬೇಕು, ನಾನು ಇದನ್ನು ಹೇಗೆ ಹಿಡಿಯಲಿ ಎಂದು ಕೇಳಬೇಕು. ಒಂದು ಔಷಧವೋ ಒಂದು ಸಲಹಾ ವಿಧಾನವೋ ನಿಜವಾಗಿ ಜನಕ್ಕೆ ಉಪಯೋಗವಾಯಿತೇ ಎಂದು ತಿಳಿಯುವುದು ಈ ಲೆಕ್ಕದಿಂದಲೇ ಎಂದು ಗೊತ್ತಾದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಬೇರೆ ವಿಷಯಕ್ಕಿಂತ ಮನಶ್ಶಾಸ್ತ್ರದಲ್ಲಿ ಸಲಹೆ ಹೆಚ್ಚು ಬೇಕು ಎನ್ನುತ್ತೇನಲ್ಲ, ಅದಕ್ಕೆ ಗಟ್ಟಿಯಾದ ಕಾರಣವಿದೆ. ಈ ವಿಷಯದಲ್ಲಿ ಪದವಿಗೂ ವೃತ್ತಿಗೂ ನಡುವೆ ಕಾನೂನಿನ ಬಾಗಿಲುಗಳಿವೆ. ಬಿ.ಎ. ಮುಗಿಸಿ ಬೋರ್ಡು ಹಾಕಿಕೊಂಡು ಕೂರಲು ಬರುವುದಿಲ್ಲ. ಮನೋವೈದ್ಯರಾಗಬೇಕಾದರೆ ಎಂ.ಬಿ.ಬಿ.ಎಸ್. ಮಾಡಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಪದವಿ ಪಡೆಯಬೇಕು. ಕಲಾ ಪದವಿಯಿಂದ ಆ ದಾರಿ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಬೇಕು. 1992ರ ಕಾಯ್ದೆಯಿಂದ ಬಂದ ಪರಿಷತ್ತು ಅದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂಬುದನ್ನು ಇದೇ ಅರ್ಹತೆಯ ಮೇಲೆ ಹೇಳುತ್ತದೆ. ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಸ್.ಡಬ್ಲ್ಯೂ. ದಾರಿ. ಶಾಲೆಯಲ್ಲಿ ಆಪ್ತಸಮಾಲೋಚಕರಾಗುವುದು ಇನ್ನೊಂದು ದಾರಿ. ಇವೆಲ್ಲ ಒಂದೇ ಎಂದುಕೊಂಡು ಮೂರು ವರ್ಷ ಕಳೆಯುವ ಮಕ್ಕಳು ಬಹಳ ಇದ್ದಾರೆ.

ಇನ್ನೊಂದು ತೊಡಕು, ಈ ಬಾಗಿಲುಗಳೂ ಒಂದೇ ಕಡೆ ನಿಂತಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ನಡೆದು ಬಂದ ಎರಡು ವರ್ಷದ ಎಂ.ಫಿಲ್. ತರಬೇತಿಯೇ ದಶಕಗಳ ಕಾಲ ಕ್ಲಿನಿಕಲ್ ಸೈಕಾಲಜಿಗೆ ರಾಜಮಾರ್ಗ. ಈಗ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದೆ. ಕ್ಲಿನಿಕಲ್ ಸೈಕಾಲಜಿಗೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತ್ತು. ಆ ಜಾಗಕ್ಕೆ ಹೊಸ ಕೋರ್ಸುಗಳು ಬರುತ್ತಿವೆ. 2021ರಲ್ಲಿ ಸಹ ಆರೋಗ್ಯ ವೃತ್ತಿಗಳಿಗೆಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ನಡವಳಿಕೆ ಮತ್ತು ಮನಸ್ಸಿನ ಆರೋಗ್ಯಕ್ಕೆ ಸಂಬಂಧಿಸಿದ ಹಲವು ಕೆಲಸಗಳು ಅದರ ಅಡಿಗೆ ಬಂದವು. 2025ರಲ್ಲಿ ಧನಸಹಾಯ ಆಯೋಗ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಕಲಿಸುವುದನ್ನು ಆ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದ ನಿಲ್ಲಿಸಲು ಹೇಳಿತು. ಕೆಲಸ ಮಾಡಿಕೊಂಡು ಮನೆಯಿಂದಲೇ ಎಂ.ಎಸ್‌ಸಿ. ಸೈಕಾಲಜಿ ಕಟ್ಟೋಣ ಎಂದುಕೊಂಡಿದ್ದ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳ ಲೆಕ್ಕಾಚಾರ ಇದರಿಂದ ಬದಲಾಯಿತು. ಇಂಥ ಸುದ್ದಿ ಹಳ್ಳಿಗೆ ತಾನಾಗಿ ಬರುವುದಿಲ್ಲ. ದುಡ್ಡು ಕಟ್ಟಿಸಿಕೊಳ್ಳುವ ಏಜೆಂಟು ಇದನ್ನು ಹೇಳುವುದಿಲ್ಲ. ಹೇಳಬೇಕಾದವರು ಮೇಷ್ಟ್ರು, ಕೇಳಬೇಕಾದವರು ನೀವು.

ಡಿಗ್ರಿಯ ಚೌಕಟ್ಟೂ ಹಾಗೆಯೇ ಅಲುಗಾಡಿದೆ. 2021-22ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಒಂದೇ ಮನೆಯ ಅಕ್ಕ ಓದಿದ ಕ್ರಮ ತಂಗಿಗೆ ಹೊಂದುವುದಿಲ್ಲ. ಮಂಡ್ಯದ ಸರ್ಕಾರಿ ಮಹಾವಿದ್ಯಾಲಯ ಮಂಡ್ಯ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದಾಗ ಆ ಪಟ್ಟಿಯಲ್ಲಿ ಮಂಡ್ಯದ ಹೆಸರೂ ಇತ್ತು. ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ ಎಂದು ವಿದ್ಯಾರ್ಥಿ ಕೇಳಿದರೆ ಅದು ಅತಿ ಕುತೂಹಲವಲ್ಲ, ಅವನ ಬದುಕಿನ ಪ್ರಶ್ನೆ.

ಈಗ ಕೇಳುವುದು ಯಾರನ್ನು ಎಂಬ ಮಾತಿಗೆ ಬರೋಣ. ನ್ಯಾಕ್ ಮಾನ್ಯತೆಗಾಗಿ ಕಾಲೇಜುಗಳಲ್ಲಿ ಮೆಂಟರ್ ಪದ್ಧತಿ ಇದೆ. ಒಬ್ಬೊಬ್ಬ ಅಧ್ಯಾಪಕರಿಗೆ ಇಂತಿಷ್ಟು ವಿದ್ಯಾರ್ಥಿಗಳು ಎಂದು ಹಂಚಿರುತ್ತಾರೆ. ಹೆಸರು, ಊರು, ಅಂಕ, ಫೋನು ಬರೆದ ಪುಸ್ತಕವೂ ಇರುತ್ತದೆ. ಬಹಳ ಮಕ್ಕಳಿಗೆ ತಮ್ಮ ಮೆಂಟರ್ ಯಾರು ಎಂಬುದೇ ಗೊತ್ತಿರುವುದಿಲ್ಲ. ಸೇರಿದ ಮೊದಲ ತಿಂಗಳಲ್ಲೇ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ. ನಿಮ್ಮ ಮೆಂಟರ್ ಇತಿಹಾಸದವರೋ ಕನ್ನಡದವರೋ ಆಗಿದ್ದರೆ ಅವರ ಬಳಿಯೂ ಹೋಗಿ, ಮನಶ್ಶಾಸ್ತ್ರ ಕಲಿಸುವವರ ಬಳಿಯೂ ಹೋಗಿ. ಇಬ್ಬರಲ್ಲಿ ಒಬ್ಬರು ನಿಮ್ಮ ಮನೆಯ ಪರಿಸ್ಥಿತಿಯನ್ನು ಬಲ್ಲವರಾಗುತ್ತಾರೆ, ಇನ್ನೊಬ್ಬರು ನಿಮ್ಮ ವಿಷಯದ ದಾರಿಯನ್ನು ಬಲ್ಲವರಾಗುತ್ತಾರೆ. ಎರಡೂ ಬೇಕು.

ನಮ್ಮ ಕಡೆಯ ಕಾಲೇಜುಗಳ ಒಂದು ಸತ್ಯವನ್ನು ಇಲ್ಲಿ ಹೇಳಲೇಬೇಕು. ಎಷ್ಟೋ ಕಡೆ ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಅವರು ಪ್ರೀತಿಯಿಂದ ಕಲಿಸುತ್ತಾರೆ. ಆದರೆ ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೆ ಎಂಬ ಖಾತ್ರಿ ಅವರಿಗೇ ಇರುವುದಿಲ್ಲ. ಅವರು ಹೋದರೆ ಅವರಿಗೆ ಗೊತ್ತಿದ್ದ ನಿಮ್ಮ ಕಥೆಯೂ ಹೋಗುತ್ತದೆ. ಆದ್ದರಿಂದ ನಿಮ್ಮ ಕಡತವನ್ನು ನೀವೇ ಇಟ್ಟುಕೊಳ್ಳಬೇಕು. ಒಂದು ಫೈಲು ಸಾಕು. ಅದರಲ್ಲಿ ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಪಠ್ಯಕ್ರಮದ ಪ್ರತಿ, ಪ್ರಾಯೋಗಿಕ ರೆಕಾರ್ಡು, ಭಾಗವಹಿಸಿದ ಶಿಬಿರದ ಪತ್ರ, ವಿದ್ಯಾರ್ಥಿವೇತನದ ಅರ್ಜಿಯ ನಕಲು ಇರಲಿ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ ಯಾರನ್ನು ಕಂಡೆ, ಅವರು ಏನು ಹೇಳಿದರು, ನಾನು ಏನು ಮಾಡಬೇಕು ಎಂದು ಬರೆದಿಡಿ. ಹೊಸ ಮೇಷ್ಟ್ರು ಬಂದಾಗ ಆ ಫೈಲನ್ನು ಅವರ ಮುಂದಿಟ್ಟರೆ, ನಿಂತ ಮಾತು ಅಲ್ಲಿಂದಲೇ ಮುಂದುವರಿಯುತ್ತದೆ.

ಸಲಹೆ ಕೇಳುವುದಕ್ಕೂ ಒಂದು ಕ್ರಮ ಉಂಟು. ಅಮೆರಿಕದಲ್ಲಿ 1972ರಲ್ಲಿ ಟೆರಿ ಒಬಾನಿಯನ್ ಎಂಬ ಶಿಕ್ಷಣತಜ್ಞರು ವಿದ್ಯಾರ್ಥಿಗೆ ಕೊಡುವ ಮಾರ್ಗದರ್ಶನವನ್ನು ಐದು ಮೆಟ್ಟಿಲಾಗಿ ವಿವರಿಸಿದರು. ಮೊದಲು ಬದುಕಿನಲ್ಲಿ ಏನು ಬೇಕು ಎಂಬ ವಿಚಾರ. ಎರಡನೆಯದು ಯಾವ ವೃತ್ತಿ. ಮೂರನೆಯದು ಅದಕ್ಕೆ ಯಾವ ಕೋರ್ಸು. ನಾಲ್ಕನೆಯದು ಕೋರ್ಸಿನೊಳಗೆ ಯಾವ ಯಾವ ಪತ್ರಿಕೆ. ಕೊನೆಯದು ವೇಳಾಪಟ್ಟಿ. ಅದೇ ವರ್ಷ ಬರ್ನ್ಸ್ ಕ್ರುಕ್‌ಸ್ಟನ್ ಎಂಬವರು, ಸಲಹೆ ಕೊಡುವುದೂ ಪಾಠ ಮಾಡುವುದರ ಒಂದು ಬಗೆ ಎಂದು ವಾದಿಸಿದರು. ನಮ್ಮಲ್ಲಿ ಏನಾಗುತ್ತದೆ? ಕೊನೆಯ ಮೆಟ್ಟಿಲಿನಿಂದ ಶುರುವಾಗುತ್ತದೆ. ಬಸ್ಸಿನ ಟೈಮಿಗೆ ಹೊಂದುವ ಕಾಲೇಜು ಯಾವುದು, ಅಲ್ಲಿ ಯಾವ ಕಾಂಬಿನೇಷನ್‌ನಲ್ಲಿ ಸೀಟು ಉಳಿದಿದೆ, ಅದನ್ನು ತೆಗೆದುಕೊ. ವೃತ್ತಿಯ ಮಾತು ಮೂರನೆಯ ವರ್ಷದಲ್ಲಿ. ಬದುಕಿನ ಮಾತು ಬರುವುದೇ ಇಲ್ಲ. ಬಸ್ಸಿನ ಟೈಮು ನೋಡುವುದು ತಪ್ಪು ಎನ್ನುತ್ತಿಲ್ಲ. ಮಳವಳ್ಳಿಯ ಒಳಹಳ್ಳಿಯ ಹುಡುಗಿ ಸಂಜೆಯ ಬಸ್ಸು ತಪ್ಪಿದರೆ ಪಡುವ ಪಾಡು ನನಗೆ ಗೊತ್ತು. ಆದರೆ ಸೇರಿದ ಮೇಲಾದರೂ ಮೇಲಿನ ಮೆಟ್ಟಿಲುಗಳಿಗೆ ಹೋಗಬೇಕು.

ಮೊದಲ ವರ್ಷದಲ್ಲಿ ಏನು ಕೇಳಬೇಕು? ಜೊತೆಗಿರುವ ಬೇರೆ ಎರಡು ವಿಷಯಗಳ ಬಗ್ಗೆ ಕೇಳಿ. ಇದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಹೈಸ್ಕೂಲುಗಳಲ್ಲಿ ಮನಶ್ಶಾಸ್ತ್ರ ಎಂಬ ಪಾಠವಿಲ್ಲ. ಆದ್ದರಿಂದ ಬಿ.ಎಡ್. ಮಾಡಿ ಹೈಸ್ಕೂಲ್ ಮೇಷ್ಟ್ರಾಗುವ ಆಸೆ ಇದ್ದವರಿಗೆ ಜೊತೆಯ ವಿಷಯಗಳೇ ಕೈಹಿಡಿಯುವುದು. ಕನ್ನಡವೋ ಇತಿಹಾಸವೋ ಇಂಗ್ಲಿಷೋ ಎಂಬ ಆಯ್ಕೆ ಅಲ್ಲಿ ನಿರ್ಣಾಯಕ. ಸಮಾಜಕಾರ್ಯದ ಕಡೆ ಹೋಗುವವರಿಗೆ ಸಮಾಜಶಾಸ್ತ್ರ ಜೊತೆಗಿದ್ದರೆ ಒಳ್ಳೆಯದು. ಮನಶ್ಶಾಸ್ತ್ರದಲ್ಲೇ ಎಂ.ಎ., ಎಂ.ಎಸ್‌ಸಿ. ಮಾಡುವವರು, ಪದವಿಯಲ್ಲಿ ಎಷ್ಟು ಸೆಮಿಸ್ಟರು ಈ ವಿಷಯ ಓದಿರಬೇಕು, ಎಷ್ಟು ಶೇಕಡಾ ಅಂಕ ಬೇಕು ಎಂದು ಮೊದಲ ವರ್ಷದಲ್ಲೇ ತಿಳಿದಿರಬೇಕು. ಮೂರನೆಯ ವರ್ಷಕ್ಕೆ ಬಂದು ಇದನ್ನು ಕೇಳುವುದು ಕಟಾವಿಗೆ ಬಂದ ಕಬ್ಬಿಗೆ ನೀರು ಹಾಯಿಸಿದಂತೆ.

ಎರಡನೆಯ ವರ್ಷದಲ್ಲಿ ಕಣ್ಣಾರೆ ನೋಡುವ ಅವಕಾಶ ಕೇಳಿ. ಮಂಡ್ಯದಲ್ಲೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ಅಲ್ಲಿ ಮನೋವೈದ್ಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಬಾರದ, ಕಿವಿ ಕೇಳದ ಮಕ್ಕಳ ನಡುವೆ ಮನಶ್ಶಾಸ್ತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಇಂಥ ಕಡೆ ವಿದ್ಯಾರ್ಥಿ ತಾನೇ ಹೋಗಿ ನಿಂತರೆ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ರೋಗಿಯ ಗುಟ್ಟು ಕಾಪಾಡುವುದು ಈ ವೃತ್ತಿಯ ಮೊದಲ ಧರ್ಮ. ಮೇಷ್ಟ್ರು ಪತ್ರ ಬರೆದು, ಪ್ರಾಂಶುಪಾಲರು ಸಹಿ ಹಾಕಿ, ಅನುಮತಿ ಪಡೆದು ಹೋಗಬೇಕು. ಒಂದು ದಿನ ಆ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂತವರನ್ನು ನೋಡಿದರೆ, ಈ ಕೆಲಸ ನನ್ನಿಂದ ಆಗುತ್ತದೆಯೇ ಎಂಬ ಪ್ರಶ್ನೆಗೆ ನಿಮ್ಮ ಒಳಗಿನಿಂದಲೇ ಉತ್ತರ ಬರುತ್ತದೆ. ಆಗುವುದಿಲ್ಲ ಎಂದು ಗೊತ್ತಾದರೂ ಲಾಭವೇ. ಸಂಸ್ಥೆಗಳಲ್ಲಿ ಸಿಬ್ಬಂದಿ ಆಯ್ಕೆ, ಮಕ್ಕಳ ಕಲಿಕೆ, ಸಂಶೋಧನೆ ಎಂದು ಬೇರೆ ದಾರಿಗಳು ಇದ್ದೇ ಇವೆ.

ಮೂರನೆಯ ವರ್ಷ ಅರ್ಜಿಯ ವರ್ಷ. ಮೈಸೂರಿನ ಪ್ರವೇಶ ಯಾವಾಗ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಬೇಕಾದ ಸಿಯುಇಟಿ ಪರೀಕ್ಷೆಯ ಅರ್ಜಿ ಯಾವಾಗ, ಹಾಸ್ಟೆಲ್ಲಿಗೆ ಯಾವ ದಾಖಲೆ ಬೇಕು, ಜಾತಿ ಆದಾಯ ಪ್ರಮಾಣಪತ್ರ ಸಿದ್ಧವಿದೆಯೇ ಎಂದು ಒಂದು ಪಟ್ಟಿ ಮಾಡಿ ಮೇಷ್ಟ್ರಿಗೆ ತೋರಿಸಿ. ಕಾಲೇಜಿನಲ್ಲಿ ಪಾಠ ಹೇಳುವ ಆಸೆ ಇದ್ದರೆ ನೆಟ್ ಮತ್ತು ಕೆ-ಸೆಟ್ ಪರೀಕ್ಷೆಗಳಲ್ಲಿ ಮನಶ್ಶಾಸ್ತ್ರ ಒಂದು ವಿಷಯವಾಗಿದೆ ಎಂಬುದು ಗೊತ್ತಿರಲಿ. ನಾಗರಿಕ ಸೇವಾ ಪರೀಕ್ಷೆ ಬರೆಯುವವರಿಗೆ ಕೇಂದ್ರ ಲೋಕಸೇವಾ ಆಯೋಗದ ಐಚ್ಛಿಕ ವಿಷಯಗಳ ಪಟ್ಟಿಯಲ್ಲೂ ಅದಿದೆ. ಶಿಫಾರಸು ಪತ್ರ ಕೇಳುವುದಿದ್ದರೆ ಕೊನೆಯ ದಿನ ಹೋಗಬೇಡಿ. ನಿಮ್ಮನ್ನು ಬಲ್ಲ ಮೇಷ್ಟ್ರು ಮಾತ್ರ ನಿಮ್ಮ ಬಗ್ಗೆ ನಾಲ್ಕು ನಿಜವಾದ ಸಾಲು ಬರೆಯಬಲ್ಲರು. ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂತವರ ಬಗ್ಗೆ ಅವರು ಏನು ಬರೆಯಬೇಕು?

ಈಗ ಮೌನದ ಮಾತು. ನಮ್ಮ ಕಡೆಯ ಮಕ್ಕಳು ಮೇಷ್ಟ್ರ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಒಳಗೆ ಬರುವುದಿಲ್ಲ. ಗೌರವ ಇದೆ, ಭಯವೂ ಇದೆ. ಇಂಗ್ಲಿಷ್ ಬರುವುದಿಲ್ಲ ಎಂಬ ಹಿಂಜರಿಕೆ ಎಲ್ಲಕ್ಕಿಂತ ದೊಡ್ಡದು. ಈ ಹಿಂಜರಿಕೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಮುಂದಿನ ಓದಿಗೆ ಇಂಗ್ಲಿಷ್ ಬೇಕೇ ಬೇಕು. ದಿನಕ್ಕೆ ಒಂದು ಪುಟವಾದರೂ ಇಂಗ್ಲಿಷ್ ಪಠ್ಯ ಓದಿ, ಗೊತ್ತಾಗದ್ದನ್ನು ಗುರುತು ಹಾಕಿ ತೋರಿಸಿ. ಆದರೆ ಕನ್ನಡ ಮಾತ್ರ ಬಲ್ಲೆ ಎಂದು ಕುಗ್ಗಬೇಡಿ. ಧಾರವಾಡದಲ್ಲಿ ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ ಕಾಮತ್ ಪರೀಕ್ಷೆ ಎಂದು ಅದರ ಹೆಸರನ್ನು ನೀವು ಪುಸ್ತಕದಲ್ಲಿ ಓದುತ್ತೀರಿ. ವೈದ್ಯರಾಗಿದ್ದ ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, ಮನಸ್ಸಿನ ಶಾಸ್ತ್ರವನ್ನು ಕುರಿತು ಕನ್ನಡದಲ್ಲಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರು ‘ಶರಪಂಜರ’ ಬರೆದು, ಮನೋರೋಗದಿಂದ ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಸಮಾಜ ಹೇಗೆ ನಡೆಸಿಕೊಳ್ಳುತ್ತದೆ ಎಂದು ಕನ್ನಡಿಗರ ಕಣ್ಣಿಗೆ ಕಟ್ಟಿಕೊಟ್ಟರು. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವಾಗಿ ಅದು ಮನೆಮನೆಗೂ ಮುಟ್ಟಿತು. ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ನಮ್ಮ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಈ ಶಾಸ್ತ್ರವನ್ನು ಕನ್ನಡದಲ್ಲಿ ಯೋಚಿಸಿದ ಹಿರಿಯರ ಸಾಲೇ ನಿಮ್ಮ ಹಿಂದಿದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಓದಿನ ಸಲಹೆ ಬೇರೆ, ಮನಸ್ಸಿನ ನೋವಿಗೆ ಬೇಕಾದ ಸಹಾಯ ಬೇರೆ. ಅಸಹಜ ಮನಶ್ಶಾಸ್ತ್ರದ ಪಾಠ ಓದುವಾಗ ಎಲ್ಲ ಲಕ್ಷಣವೂ ತನಗೇ ಇದೆ ಎನ್ನಿಸುವುದು ವಿದ್ಯಾರ್ಥಿಗಳಿಗೆ ಸಹಜ. ಮೇಷ್ಟ್ರ ಜೊತೆ ಮಾತಾಡಿದರೆ ಅದು ತಿಳಿಯಾಗುತ್ತದೆ. ಆದರೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಅದು ಪಠ್ಯದ ಪ್ರಶ್ನೆಯಲ್ಲ. ಆಗ ಮೇಷ್ಟ್ರಿಗೆ ಹೇಳಿ, ಅವರು ನಿಮ್ಮನ್ನು ತಕ್ಕವರ ಬಳಿ ಕಳಿಸುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನಶ್ಶಾಸ್ತ್ರ ಓದುತ್ತಿದ್ದೇನೆ, ನಾನೇ ಸಹಾಯ ಕೇಳುವುದೇ ಎಂಬ ಸಂಕೋಚ ಬೇಡ. ಸಹಾಯ ಕೇಳುವುದನ್ನು ಕಲಿತವರೇ ಮುಂದೆ ಸಹಾಯ ಮಾಡಬಲ್ಲವರಾಗುತ್ತಾರೆ.

ಪೋಷಕರಲ್ಲಿ ಒಂದು ಬಿನ್ನಹ. ವರ್ಷಕ್ಕೆ ಒಂದು ಸಲ ಕಾಲೇಜಿಗೆ ಬನ್ನಿ. ಅಂಕ ಎಷ್ಟು ಎಂದು ಕೇಳುವುದಕ್ಕಷ್ಟೇ ಅಲ್ಲ, ಈ ಓದು ಎಲ್ಲಿಗೆ ಹೋಗುತ್ತದೆ ಎಂದು ಮೇಷ್ಟ್ರ ಬಾಯಿಂದಲೇ ಕೇಳಿ. ಮಗಳಿಗೆ ಗಂಡು ನೋಡುವ ಮಾತು ಎದ್ದಾಗ, ಇನ್ನು ಎರಡು ವರ್ಷ ಓದಿದರೆ ಇವಳು ಯಾವ ಕೆಲಸಕ್ಕೆ ನಿಲ್ಲುತ್ತಾಳೆ ಎಂಬುದು ನಿಮಗೆ ತಿಳಿದಿದ್ದರೆ ನೀವು ಮಾಡುವ ತೀರ್ಮಾನವೇ ಬೇರೆಯಾಗುತ್ತದೆ. ಓದು ಬಿಟ್ಟ ಎಷ್ಟೋ ಹೆಣ್ಣುಮಕ್ಕಳ ವಿಷಯದಲ್ಲಿ ಕೊರತೆ ಇದ್ದದ್ದು ಪ್ರೀತಿಯದಲ್ಲ, ಮಾಹಿತಿಯದು.

ಅಧ್ಯಾಪಕ ಮಿತ್ರರಲ್ಲೂ ಒಂದು ಕೋರಿಕೆ. ವಾರಕ್ಕೆ ಒಂದು ಗಂಟೆಯನ್ನು ಇದಕ್ಕೆಂದೇ ಇಟ್ಟು ನೋಟಿಸ್ ಬೋರ್ಡಿನಲ್ಲಿ ಬರೆಯಿರಿ. ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯಿರಿ. ಗೊತ್ತಿಲ್ಲದ್ದನ್ನು ಕೇಳಿದರೆ, ವಿಚಾರಿಸಿ ಹೇಳುತ್ತೇನೆ ಎನ್ನಿ, ವಿಚಾರಿಸಿ ಹೇಳಿ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರು ಎಲ್ಲಿದ್ದಾರೆ ಎಂಬ ಪಟ್ಟಿ ಇಟ್ಟು, ಮದ್ದೂರಿನಿಂದ ಹೋಗಿ ಎಂ.ಎಸ್‌ಸಿ. ಮಾಡಿದ ಅಕ್ಕನನ್ನು ಮಳವಳ್ಳಿಯ ತಂಗಿಗೆ ಪರಿಚಯಿಸಿ. ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು, ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿ ಜಿ. ಮಾದೇಗೌಡರು ಕಾಲೇಜು ಕಟ್ಟಿದ್ದು ಹಳ್ಳಿಯ ಮಕ್ಕಳು ಊರಿಗೆ ಹತ್ತಿರದಲ್ಲೇ ಓದಲಿ ಎಂದು. ಆ ಕಟ್ಟಡಗಳೊಳಗೆ ಮಕ್ಕಳಿಗೆ ದಾರಿ ತೋರಿಸುವ ಭಾಗ ನಮ್ಮದು.

ಕೊನೆಯದಾಗಿ, ಇದೆಲ್ಲ ಬರೀ ಒಬ್ಬೊಬ್ಬರ ನೌಕರಿಯ ಮಾತಲ್ಲ. 2015ರಲ್ಲಿ ಕಬ್ಬಿನ ಬಾಕಿ, ಸಾಲ, ಬೆಲೆ ಕುಸಿತದ ನಡುವೆ ನಮ್ಮ ಜಿಲ್ಲೆಯ ರೈತ ಕುಟುಂಬಗಳು ಅನುಭವಿಸಿದ್ದನ್ನು ನಾವು ಮರೆತಿಲ್ಲ. ಆ ಸಂಕಟಕ್ಕೆ ಬೆಲೆ ಬೇಕು, ನೀರು ಬೇಕು, ಸಾಲಕ್ಕೆ ಪರಿಹಾರ ಬೇಕು; ಅದರ ಜೊತೆಗೆ ಮನೆ ಜಗುಲಿಯ ಮೇಲೆ ಕೂತು ಮಾತು ಕೇಳುವ, ಯಾರಿಗೆ ಚಿಕಿತ್ಸೆ ಬೇಕು ಎಂದು ಗುರುತಿಸುವ ತರಬೇತಿ ಪಡೆದ ಜನವೂ ಬೇಕು. ನಿಮ್ಹಾನ್ಸ್ 1976ರಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಆ ಅನುಭವವನ್ನು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿದರು. ಬಳ್ಳಾರಿಯ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಹಳ್ಳಿಯಲ್ಲೇ ಮನಸ್ಸಿನ ಆರೋಗ್ಯ ನೋಡಿಕೊಳ್ಳಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಕನ್ನಡ ನಾಡೂ ಮುಂದಿತ್ತು. ಆ ಕೆಲಸಕ್ಕೆ ಕಬ್ಬಿನ ಗದ್ದೆ ಗೊತ್ತಿರುವ, ಆಲೆಮನೆ ಗೊತ್ತಿರುವ, ಇಲ್ಲಿನ ಹೆಂಗಸರು ನೋವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ತಿಳಿದಿರುವ ಮಕ್ಕಳಿಗಿಂತ ತಕ್ಕವರು ಯಾರು? ಅಂಥವರು ಈಗಲೇ ನಮ್ಮ ಕಾಲೇಜುಗಳ ಬೆಂಚಿನಲ್ಲಿ ಕೂತಿದ್ದಾರೆ.

ಅವರಿಗೆ ನನ್ನ ಮಾತು ಇಷ್ಟೇ. ಮುಂದಿನ ವಾರ ಕಾಲೇಜಿಗೆ ಹೋದಾಗ ನಿಮ್ಮ ಮೆಂಟರ್ ಯಾರು ಎಂದು ತಿಳಿದುಕೊಳ್ಳಿ. ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಈ ಓದಿನಿಂದ ನನಗೆ ತೆರೆಯುವ ದಾರಿಗಳು ಯಾವುವು, ಅವುಗಳಿಗೆ ಈಗಿನಿಂದ ನಾನು ಏನು ಮಾಡಬೇಕು, ಮತ್ತೆ ನಿಮ್ಮನ್ನು ಯಾವಾಗ ಕಾಣಲಿ. ಕೇಳಿ, ಕೇಳುವುದು ನಿಮ್ಮ ಹಕ್ಕು, ಹೇಳುವುದು ನಮ್ಮ ಕರ್ತವ್ಯ.